ಹೆಲ್ಮೆಟ್ ಕಂಡ್ರೆ ಬೊಗಳೋ ನಾಯಿ, ಮತ್ತೆ ಮಾವನ ಹಾರ್ಟು

ಡೊಂಬಿವಲಿಯಲ್ಲಿರೋ ನಮ್ಮ ಸೋದರಮಾವನಿಗೆ ಹೋದ ಮಳೆಗಾಲದಲ್ಲಿ ಹಾರ್ಟಿನ ರಕ್ತನಾಳಕ್ಕೆ ಸ್ಟೆಂಟ್ (ಜಾಲರಿ ಕೊಳವೆ) ಹಾಕಿದ್ರು. ನೋಡೋಕೆ ಬಂದೋರಿಗೆಲ್ಲಾ ಅವರದ್ದು ಒಂದೇ ಡೈಲಾಗು, "ಏನಿಲ್ಲ ಮಾರಾಯ, ಪೈಪಲ್ಲಿ ಕೊಬ್ಬು ಕಟ್ಕೊಂಡಿತ್ತು, ಕ್ಲೀನ್ ಮಾಡಿದ್ರು." ಸ್ಟೆಂಟ್ ಏನೂ ಕ್ಲೀನ್ ಮಾಡಲ್ಲ, ಒತ್ತಿ ಜಾಗ ಮಾಡುತ್ತೆ ಅಷ್ಟೇ. ಮತ್ತೆ ಕೊಬ್ಬು ಸೇರ್ಕೊಳ್ಳೋದು ಸಿಂಕಿನ ಪೈಪಲ್ಲಿ ಜಿಡ್ಡು ಕೂತಂಗಲ್ಲ, ರಕ್ತನಾಳದ ಗೋಡೆಯೊಳಗೇ ನುಗ್ಗಿರುತ್ತೆ, ಅಲ್ಲಿ ಜಗಳ ಶುರುವಾಗುತ್ತೆ.

ಮಾವನ ಸೊಸೈಟಿ ಗೇಟಲ್ಲಿ ಒಂದು ನಾಯಿ ಇದೆ, ಹೆಲ್ಮೆಟ್ ಹಾಕಿದ ಯಾರನ್ನ ಕಂಡ್ರೂ ಬೊಗಳುತ್ತೆ, ದಿನಾ ಬಿಸ್ಕತ್ತು ಹಾಕೋ ನಾನೇ ಹಾಕ್ಕೊಂಡು ಬಂದ್ರೂ ಬಿಡಲ್ಲ. ಮುಖ ನೋಡಲ್ಲ, ಆಕಾರ ನೋಡುತ್ತೆ. ನಾವು ಹುಟ್ಟುವಾಗ್ಲೇ ತಂದಿರೋ ರೋಗನಿರೋಧಕ ವ್ಯವಸ್ಥೆನೂ ಹಂಗೇ. ಅದರ ಕಣ್ಣು ಅಂದ್ರೆ ಟೋಲ್-ಲೈಕ್ ರಿಸೆಪ್ಟರ್‌ಗಳು, ಮನುಷ್ಯರಲ್ಲಿ 10 ಬಗೆ. 1996ರಲ್ಲಿ ಹಾಫ್‌ಮನ್ ಅನ್ನೋ ವಿಜ್ಞಾನಿಯ ತಂಡ ತೋರಿಸ್ತು, ಇವುಗಳಿಗೆ ಹೆಸರು ಕೊಟ್ಟ ಟೋಲ್ ಜೀನ್ ಕೆಟ್ಟಿರೋ ಹಣ್ಣುನೊಣಕ್ಕೆ ಫಂಗಸ್ ತಗುಲಿದ್ರೆ ಉಳಿಯಲ್ಲ ಅಂತ, 1998ರಲ್ಲಿ ಬಾಯ್ಟ್ಲರ್ ತಂಡ ಇಲಿಗಳಲ್ಲಿ ಈ ಬಗೆಗಳಲ್ಲೊಂದಾದ ಟೋಲ್-4 ಅನ್ನೋದು ಬ್ಯಾಕ್ಟೀರಿಯಾದ ಹೊರಪದರವನ್ನ ಗುರುತು ಹಿಡಿಯುತ್ತೆ ಅಂತ ಕಂಡುಹಿಡೀತು, ಇಬ್ಬರಿಗೂ 2011ರಲ್ಲಿ ನೊಬೆಲ್ ಬಂತು.

ಈಗ ಎಲ್‌ಡಿಎಲ್ ಅನ್ನೋ ಕೆಟ್ಟ ಕೊಲೆಸ್ಟ್ರಾಲ್ ರಕ್ತನಾಳದ ಗೋಡೆಯೊಳಗೆ ಸಿಕ್ಕಾಕೊಂಡು ಆಕ್ಸಿಡೈಸ್ ಆಯ್ತು ಅಂದ್ರೆ, ಹಳೇ ಎಣ್ಣೆ ಕಮಟು ಹಿಡಿದಂಗೆ, ಆಗ ಅದು ಈ ರಿಸೆಪ್ಟರ್‌ಗಳಿಗೆ ಹೆಲ್ಮೆಟ್ ಹಾಕಿದ ಕಳ್ಳನ ಥರ ಕಾಣುತ್ತೆ. ಅಲಾರಂ ಹೊಡೆಯುತ್ತೆ, ಕಸ ನುಂಗೋ ಮ್ಯಾಕ್ರೊಫೇಜ್ ಕೋಶಗಳು ಓಡಿ ಬಂದು ಕೊಬ್ಬನ್ನ ನುಂಗಿ ನುಂಗಿ ನೊರೆ ಥರ ಉಬ್ಬಿ ಅಲ್ಲೇ ಸಾಯ್ತವೆ. ನುಂಗಿದ ಕೊಲೆಸ್ಟ್ರಾಲ್ ಒಳಗೆ ಹರಳು ಕಟ್ಟಿದ್ರೆ ಎನ್‌ಎಲ್‌ಆರ್‌ಪಿ3 ಅನ್ನೋ ಇನ್ನೊಂದು ರಿಸೆಪ್ಟರ್ ಏಳುತ್ತೆ (ಇದು ಗೊತ್ತಾಗಿದ್ದು 2010ರಲ್ಲಿ), ಐಎಲ್-1 ಬೀಟಾ ಅನ್ನೋ ಉರಿಯೂತದ ಸಿಗ್ನಲ್ ಹೊರಗೆ ಬಿಡುತ್ತೆ.

ಸರಿ, ಬೊಗಳೋದನ್ನ ನಿಲ್ಲಿಸಿದ್ರೆ? ಅದನ್ನೇ ಕಾಂಟೋಸ್ ಅನ್ನೋ ಪ್ರಯೋಗದಲ್ಲಿ ನೋಡಿದ್ರು, ಮೊದಲೇ ಹಾರ್ಟ್ ಅಟ್ಯಾಕ್ ಆಗಿದ್ದ 10,061 ಜನ, ರಿಸಲ್ಟ್ ಬಂದಿದ್ದು 2017ರಲ್ಲಿ. ಐಎಲ್-1 ಬೀಟಾ ತಡೆಯೋ ಇಂಜೆಕ್ಷನ್‌ನ 150 ಮಿಲಿಗ್ರಾಂ ಡೋಸ್ ತಗೊಂಡವರಲ್ಲಿ ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ್ದು ಸುಮಾರು 15% ಕಮ್ಮಿ, ಅದೂ ಎಲ್‌ಡಿಎಲ್ ಇಳೀದೇನೇ! ಆದ್ರೆ ಸೋಂಕಿನಿಂದ ಸತ್ತವರು ಸ್ವಲ್ಪ ಜಾಸ್ತಿ. ನಾಯಿ ಬಾಯಿ ಕಟ್ಟಿದ್ರೆ ನಿಜವಾದ ಕಳ್ಳನೂ ಬರ್ತಾನಲ್ವಾ.

ಇನ್ನೊಂದು ಮಜಾ, ಗೌಟ್‌ಗೆ (ಕೀಲು ಊದಿ ನೋಯೋ ಕಾಯಿಲೆ) ಕೊಡೋ, ಉರಿಯೂತ ತಗ್ಗಿಸೋ ಕೋಲ್ಚಿಸಿನ್ ಮಾತ್ರೆನ 2023ರಲ್ಲಿ ಅಮೆರಿಕದಲ್ಲಿ ಹೃದಯಕ್ಕೂ ಒಪ್ಕೊಂಡ್ರು, ಮಳೆಗಾಲದಲ್ಲಿ ಕೊಂಕಣದ ಬೇಲಿ ಮೇಲೆ ಅರಳೋ ಗೌರಿ ಹೂವಿನ ಗಿಡದಲ್ಲೂ ಅದು ಇದೆ, ಆದ್ರೆ ಗಿಡ ಬಾಯಿಗೆ ಹಾಕ್ಬೇಡಿ, ಪಕ್ಕಾ ವಿಷ.

ಇಷ್ಟೆಲ್ಲಾ ಕೇಳಿ ಮಾವ, "ಹಂಗಾದ್ರೆ ಕೊಲೆಸ್ಟ್ರಾಲ್ ಮಾತ್ರೆ ಬಿಡ್ಲಾ?" ಅಂದ್ರು.

"ಬಿಡ್ಬೇಡಿ ಮಾವ, ಗೇಟಿಗೆ ಬರೋ ಹೆಲ್ಮೆಟ್ ಕಮ್ಮಿ ಆದ್ರೆ ತಾನೇ ಅದು ಬೊಗಳೋದು ಕಮ್ಮಿ ಆಗೋದು."