ಮೆಶ್ ನಿಷೇಧ ಆಗಿದೆ ಅಂತಾರೆ, ಯಾವ ಮೆಶ್?

ಗರ್ಭಕೋಶ ಜಾರಿದವರಿಗೆ ಹಾಕುವ ಪ್ಲಾಸ್ಟಿಕ್ ಬಲೆ, ಅಂದರೆ ಮೆಶ್, ನಿಷೇಧವಾಗಿದೆ ಎಂದು ಒಂದು ಕಡೆ ಓದುತ್ತೇವೆ. ಹಾಕಿಸಿಕೊಂಡು ಆರಾಮಾಗಿದ್ದೇನೆ ಎನ್ನುವವರೂ ಇದ್ದಾರೆ. ಎರಡೂ ನಿಜ. ಮೆಶ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಆಪರೇಷನ್‌ಗಳಿವೆ. ಕೆಮ್ಮಿದಾಗ, ನಕ್ಕಾಗ ಮೂತ್ರ ಸೋರುವವರಿಗೆ ಮೂತ್ರನಾಳದ ಕೆಳಗೆ ಇಡುವ ಸಣ್ಣ ಪಟ್ಟಿ ಒಂದು. ಜಾರಿದ ಭಾಗವನ್ನು ಹೊಟ್ಟೆಯ ಕಡೆಯಿಂದ ಎತ್ತಿ ಬೆನ್ನೆಲುಬಿನ ಬುಡಕ್ಕೆ ಕಟ್ಟುವುದು ಇನ್ನೊಂದು. ಯೋನಿಯ ಮೂಲಕವೇ ಒಳಗೆ ಹಾಸುವ ಅಗಲದ ಬಲೆ ಮೂರನೆಯದು. ಹೆಚ್ಚು ದೇಶಗಳು ಬೇಡ ಎಂದಿರುವುದು ಈ ಮೂರನೆಯದನ್ನು.

ಗರ್ಭಕೋಶ ಜಾರುವ ತೊಂದರೆ ಮಾತ್ರ ಬಹಳ ಹಳೆಯದು. ಹೆರಿಗೆ, ವಯಸ್ಸು, ಬಿಡದ ಕೆಮ್ಮು, ಭಾರ ಎತ್ತುವ ಕೆಲಸ ಎಲ್ಲ ಸೇರಿ ಒಳಗಿನ ಸ್ನಾಯುಗಳ ಆಸರೆ ಸಡಿಲವಾಗುತ್ತದೆ. ಪ್ರಾಚೀನ ಗ್ರೀಕ್ ವೈದ್ಯರು ಅರ್ಧ ದಾಳಿಂಬೆಯನ್ನು ಒಳಗಿಟ್ಟು ತಡೆ ಕೊಡುತ್ತಿದ್ದರು. ಇವತ್ತು ಒಳಗಿಡುವ ಸಿಲಿಕೋನ್ ರಿಂಗ್ ಮಾಡುವುದೂ ಅದೇ ಕೆಲಸ. 19ನೇ ಶತಮಾನದಲ್ಲಿ ಗರ್ಭಕೋಶ ತೆಗೆಯುವ ಆಪರೇಷನ್ ಬಂತು. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗೆಲ್ ಆ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮ ಹೇಳಿಕೊಟ್ಟರು. ಮುಂಬೈನಲ್ಲಿ ವೈದ್ಯರಾದ ವಿ.ಎನ್. ಶಿರೋಡ್ಕರ್, ಬಿ.ಎನ್. ಪುರಂದರೆ ಅವರು ಇನ್ನೂ ಮಕ್ಕಳು ಬೇಕೆನ್ನುವ ಹೆಂಗಸರಿಗಾಗಿ ಗರ್ಭಕೋಶ ಉಳಿಸಿ ಎತ್ತಿ ಕಟ್ಟುವ ವಿಧಾನಗಳನ್ನು ರೂಪಿಸಿದರು. ಇಷ್ಟೆಲ್ಲ ಇದ್ದರೂ ನಮ್ಮ ಕಡೆ "ತೆಗೆಸಿಬಿಡಿ" ಎನ್ನುವ ಮಾತೇ ಬೇಗ ಬರುತ್ತದೆ, ಅಲ್ವಾ? ತೆಗೆಸಿದ ಮೇಲೂ ಯೋನಿಯ ಮೇಲ್ತುದಿ ಜಾರಬಹುದು ಎನ್ನುವುದನ್ನು ಅಷ್ಟೇ ಬೇಗ ಯಾರೂ ಹೇಳುವುದಿಲ್ಲ.

ಹೊಲಿಗೆ ಹಾಕಿ ಸರಿಮಾಡಿದ್ದು ಕೆಲವರಿಗೆ ಮತ್ತೆ ಜಾರುತ್ತಿತ್ತು. ಮೆಶ್ ಬಂದದ್ದು ಇದಕ್ಕೇ. ಹರ್ನಿಯಾ ಆಪರೇಷನ್‌ನಲ್ಲಿ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್‌ನ ಬಲೆ ದಶಕಗಳಿಂದ ಬಳಕೆಯಲ್ಲಿತ್ತು. ಅಲ್ಲಿ ನಡೆಯುತ್ತದೆ ಅಂದಮೇಲೆ ಇಲ್ಲಿ ಯಾಕೆ ಬೇಡ? ಯೋಚನೆ ತಪ್ಪೇನಲ್ಲ. ಆದರೆ ಯೋನಿಯ ಗೋಡೆ ಹೊಟ್ಟೆಯ ಗೋಡೆಯಂತಲ್ಲ. ಅದು ತೆಳು, ಹಿಗ್ಗಬೇಕು, ಕುಗ್ಗಬೇಕು. ಅಲ್ಲಿ ಬ್ಯಾಕ್ಟೀರಿಯಾ ಸದಾ ಇರುತ್ತವೆ.

ಅಮೆರಿಕದಲ್ಲಿ ಆಗ ಹೀಗೊಂದು ದಾರಿ ಇತ್ತು: ಹೊಸ ಸಾಧನ ಹಳೆಯದರ ಹಾಗೇ ಇದೆ ಎಂದು ತೋರಿಸಿದರೆ ಸಾಕು, ಹೆಂಗಸರ ಮೇಲೆ ಹೊಸದಾಗಿ ಪರೀಕ್ಷೆ ಮಾಡಬೇಕಿಲ್ಲ. ಅಣ್ಣನ ಜಾತಕ ತೋರಿಸಿ ತಮ್ಮನಿಗೆ ಹೆಣ್ಣು ಕೇಳಿದ ಹಾಗೆ. 1996ರಲ್ಲಿ ಮೂತ್ರ ಸೋರಿಕೆಗೆಂದು ಒಂದು ಪಟ್ಟಿಗೆ ಒಪ್ಪಿಗೆ ಸಿಕ್ಕಿತು. 1998ರಲ್ಲಿ ಅದನ್ನು ತೋರಿಸಿ ಇನ್ನೊಂದು ಬಂತು. 1999ರಲ್ಲಿ ಮೊದಲನೆಯದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆದುಕೊಂಡರು. ಅದನ್ನು ತೋರಿಸಿ ಬಂದದ್ದು ಮಾತ್ರ ಉಳಿಯಿತು! 2002ರಲ್ಲಿ ಜಾರುವಿಕೆಗೆಂದೇ ಬಲೆ ಬಂತು. ಆಮೇಲೆ ಸೂಜಿ, ಬಲೆ ಎಲ್ಲ ಒಟ್ಟಿಗೆ ಇರುವ ರೆಡಿಮೇಡ್ ಕಿಟ್‌ಗಳು ಬಂದವು.

ಕೆಲವರಲ್ಲಿ ಬಲೆ ಯೋನಿಯ ಗೋಡೆ ಕೊರೆದು ಹೊರಗೆ ಬಂತು. ಕೂರಲಾಗದ ನೋವು, ರಕ್ತಸ್ರಾವ, ಗಂಡನ ಜೊತೆ ಮಲಗಲಾಗದ ಸ್ಥಿತಿ. ದೂರು ಹೇಳಿದವರಿಗೆ ಸಿಕ್ಕ ಉತ್ತರ: ಇದೆಲ್ಲ ನಿಮ್ಮ ಮನಸ್ಸಿನದು, ವಯಸ್ಸಿನದು. ಹಾಕಿದ ಬಲೆಯನ್ನು ತೆಗೆಯೋಣವೆಂದರೆ ಅದರ ಕಣ್ಣುಗಳ ಒಳಗೆಲ್ಲ ಮಾಂಸ ಬೆಳೆದಿರುತ್ತದೆ. ಒಂದೇ ಸಲಕ್ಕೆ ಪೂರ್ತಿ ಬರುವುದು ಕಷ್ಟ.

ಔಷಧ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 2008ರಲ್ಲಿ ಮೊದಲ ಎಚ್ಚರಿಕೆ ಕೊಟ್ಟಿತು. ತೊಂದರೆ ಅಪರೂಪ ಎಂದಿತು. ಆ ವರ್ಷದಿಂದ 2010ರವರೆಗೆ ಇನ್ನೂ 2,874 ದೂರು ಬಂದವು. 2011ರಲ್ಲಿ, ಜಾರುವಿಕೆಗೆ ಹಾಕುವ ಬಲೆಯ ತೊಂದರೆ ಅಪರೂಪವಲ್ಲ ಎಂದು ಮಾತು ತಿದ್ದಿಕೊಂಡಿತು. 2016ರಲ್ಲಿ ಆ ಬಲೆಯನ್ನು ಹೆಚ್ಚು ಅಪಾಯದ ವರ್ಗಕ್ಕೆ ಸೇರಿಸಿತು. 2019ರ ಏಪ್ರಿಲ್‌ನಲ್ಲಿ ಮಾರಾಟ ನಿಲ್ಲಿಸಿ ಎಂದಿತು. ಬಲೆ ಇಲ್ಲದ ಆಪರೇಷನ್‌ಗಿಂತ ಇದು ಮೇಲು ಎನ್ನಲು ಸಾಕಷ್ಟು ಪುರಾವೆ ಇಲ್ಲ ಎನ್ನುವುದು ಕಾರಣ. ಈ ಪ್ರಶ್ನೆಯನ್ನು 2002ರಲ್ಲೇ ಕೇಳಬಹುದಿತ್ತು. ಆಸ್ಟ್ರೇಲಿಯಾ 2017ರಲ್ಲೇ ಆ ಬಲೆಯನ್ನು ಒಪ್ಪಿಗೆ ಇರುವ ಸಾಧನಗಳ ಯಾದಿಯಿಂದ ತೆಗೆದಿತ್ತು.

ಇಂಗ್ಲೆಂಡ್ 2018ರಲ್ಲಿ ಸೋರಿಕೆಯ ಪಟ್ಟಿಯನ್ನೂ ಸೇರಿಸಿ ತಡೆ ಹಾಕಿತು. ಗೊಂದಲ ಜಾಸ್ತಿಯಾಗಿದ್ದು ಇಲ್ಲಿಂದ. ಏಕೆಂದರೆ ಆ ಪಟ್ಟಿ ಅಮೆರಿಕದಲ್ಲಿ ಈಗಲೂ ಇದೆ, ಹೊಟ್ಟೆಯ ಕಡೆಯಿಂದ ಹಾಕುವ ಮೆಶ್ ಕೂಡ ಇದೆ. 2020ರ ಜುಲೈನಲ್ಲಿ ಇಂಗ್ಲೆಂಡ್‌ನಲ್ಲಿ ಸಂಸತ್ ಸದಸ್ಯೆ ಬ್ಯಾರನೆಸ್ ಕಂಬರ್ಲೆಜ್ ನೇತೃತ್ವದ ಪರಿಶೀಲನಾ ವರದಿ ಬಂತು. ಹೆಂಗಸರ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಳ್ಳಲಿಲ್ಲ ಎಂದು ಅದು ಹೇಳಿತು. ಒಟ್ಟು ಎಷ್ಟು ಜನರಿಗೆ ಮೆಶ್ ಹಾಕಿದ್ದಾರೆ ಎನ್ನುವ ಪೂರ್ತಿ ಲೆಕ್ಕವೇ ಇರಲಿಲ್ಲ. ಬಲೆ ತೆಗೆಯುವ ವಿಶೇಷ ಕೇಂದ್ರಗಳು ಅಲ್ಲಿ 2021ರಲ್ಲಿ ಶುರುವಾದವು. ಅಷ್ಟರೊಳಗೆ ಕೆಲವರು ಕೈಯಿಂದ ದುಡ್ಡು ಹಾಕಿ ಖಾಸಗಿಯಾಗಿ ತೆಗೆಸಿಕೊಂಡಿದ್ದರು. ಅಂಥವರ ಖರ್ಚು ವಾಪಸ್ ಕೊಡಲು ಸ್ಕಾಟ್ಲೆಂಡ್ 2022ರಲ್ಲಿ ಕಾನೂನನ್ನೇ ಮಾಡಬೇಕಾಯಿತು.