ಕರೆಂಟ್ ಹೋದರೆ ಎಲ್ಲ ಮರೆಯುವ ಪ್ರಿಂಟರ್

ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮದೊಂದು ಸಣ್ಣ ಜೆರಾಕ್ಸ್ ಅಂಗಡಿ. ಗಿರಾಕಿಗಳ ಪೆನ್‌ಡ್ರೈವ್‌ನಿಂದ ಬರುವ ವೈರಸ್ ಕಾಟಕ್ಕೆ ಬೇಸತ್ತು ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದೆ, ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ. ಕಾಟ ನಿಂತಿತು. ಆದರೆ ಪ್ರಿಂಟರ್ ಹಟ ಹಿಡಿಯಿತು. ಕರೆಂಟ್ ಹೋಗಿ ಬಂದರೆ ಸಾಕು, ದೀಪ ಮಿಣುಕಿಸುತ್ತಾ ಕೂರುತ್ತದೆ, ಹಾಳೆ ಎಳೆಯುವುದಿಲ್ಲ. ಮೊನ್ನೆ ಹೀಗೇ ಆದಾಗ ಎದುರಿಗೆ ಒಬ್ಬ ಇಂಜಿನಿಯರಿಂಗ್ ಹುಡುಗ ನಿಂತಿದ್ದ. "ಅಣ್ಣಾ, ಹನ್ನೊಂದಕ್ಕೆ ವೈವಾ ಐತಿ, ಬೇಗ ಕೊಡ್ರಿ."

ತಮಾಷೆ ಏನು ಗೊತ್ತಾ? ಲಿನಕ್ಸ್‌ನಂಥ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ತೆರೆದು ನೋಡಿ ತಿದ್ದಬಹುದಾದ ತಂತ್ರಾಂಶದ ಕಥೆಯಲ್ಲಿ ಮೊದಲ ಜಗಳವೇ ಪ್ರಿಂಟರ್‌ದು. 1980ರ ಸುಮಾರಿಗೆ ಅಮೆರಿಕದ ಎಂಐಟಿ ಲ್ಯಾಬ್‌ಗೆ ಜೆರಾಕ್ಸ್ ಕಂಪನಿಯ ಲೇಸರ್ ಪ್ರಿಂಟರ್ ಬಂತು. ಹಾಳೆ ಸಿಕ್ಕಿಕೊಂಡರೆ ಕಂಪ್ಯೂಟರ್ ಮುಂದೆ ಕೂತವರಿಗೆ ತಿಳಿಯುವ ಹಾಗೆ ಮಾಡೋಣ ಅಂತ ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್ ಅದರ ಸೋರ್ಸ್ ಕೋಡ್, ಅಂದರೆ ತಂತ್ರಾಂಶದ ಮೂಲ ಬರಹ ಕೇಳಿದರು. ಕೋಡ್ ಇದ್ದ ಸಂಶೋಧಕ ಕೊಡಲಿಲ್ಲ. ಯಾರಿಗೂ ಕೊಡುವುದಿಲ್ಲ ಅಂತ ಆತ ಸಹಿ ಹಾಕಿಬಿಟ್ಟಿದ್ದ. ಆ ಸಿಟ್ಟು ಆರಲೇ ಇಲ್ಲ. 1983ರಲ್ಲಿ ಸ್ಟಾಲ್‌ಮನ್ ಮುಕ್ತ ಆಪರೇಟಿಂಗ್ ಸಿಸ್ಟಂ ಕಟ್ಟುವ ಗ್ನೂ ಯೋಜನೆ ಘೋಷಿಸಿದರು. 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು ಬಂತು.

ಮತ್ತೆ ಈ ಗೋಳು ಇನ್ನೂ ಯಾಕೆ? ಹಿಂದಿನ ದುಬಾರಿ ಲೇಸರ್ ಪ್ರಿಂಟರ್ ಒಳಗೆ ಒಂದು ಕಂಪ್ಯೂಟರೇ ಇರುತ್ತಿತ್ತು. ಪೋಸ್ಟ್‌ಸ್ಕ್ರಿಪ್ಟ್‌ನಂಥ ಭಾಷೆಯಲ್ಲಿ ಪುಟ ಕಳಿಸಿದರೆ ತಾನೇ ಬಿಡಿಸಿಕೊಳ್ಳುತ್ತಿತ್ತು. ಬೆಲೆ ಇಳಿಸಲು ಕಂಪನಿಗಳು ಆ ತಲೆಯನ್ನೇ ತೆಗೆದವು. ಲೆಕ್ಕವೆಲ್ಲ ನಮ್ಮ ಕಂಪ್ಯೂಟರಿನ ಡ್ರೈವರ್, ಅಂದರೆ ಪ್ರಿಂಟರ್ ಜೊತೆ ಮಾತಾಡುವ ತಂತ್ರಾಂಶದ ಪಾಲಿಗೆ ಬಂತು. ಆ ಡ್ರೈವರ್ ಆಡುವ ಭಾಷೆ ಕಂಪನಿಯ ಗುಟ್ಟು, ಬರೆದದ್ದು ಮೊದಲು ವಿಂಡೋಸ್‌ಗೆ. ಕೆಲವು ಮಾದರಿಗಳಿಗೆ ತಮ್ಮ ಫರ್ಮ್‌ವೇರ್, ಅಂದರೆ ತಮ್ಮನ್ನೇ ನಡೆಸುವ ಒಳ ತಂತ್ರಾಂಶ ಕೂಡ ನೆನಪಿರುವುದಿಲ್ಲ. ಆನ್ ಮಾಡಿದಾಗಲೆಲ್ಲ ಕಂಪ್ಯೂಟರೇ ಉಣಿಸಬೇಕು. ನಮ್ಮದು ಅದೇ ಜಾತಿ. ಬೈಯೋಣ ಅಂದರೆ, ಅಗ್ಗದ್ದೇ ಬೇಕು ಅಂತ ಹುಡುಕಿ ತಂದವನು ನಾನೇ ಅಲ್ವಾ!

1999ರಲ್ಲಿ ಕಪ್ಸ್ ಎಂಬ ಮುದ್ರಣ ವ್ಯವಸ್ಥೆ ಬಂದು ಎಷ್ಟೋ ಸುಲಭವಾಯಿತು. ನಿಜವಾದ ನೆರವು ಮಾತ್ರ ಫೋನ್ ಕಡೆಯಿಂದ ಬಂತು. ಫೋನ್‌ಗೆ ಒಂದೊಂದು ಪ್ರಿಂಟರ್‌ಗೂ ಒಂದೊಂದು ಡ್ರೈವರ್ ಹಾಕುತ್ತಾ ಕೂರಲು ಆಗುತ್ತದೆಯೇ? ಅದಕ್ಕೇ 2010ರಲ್ಲಿ ಆಪಲ್, ಬೇರೆ ಡ್ರೈವರ್ ಇಲ್ಲದೆ ಫೋನಿನಿಂದಲೇ ಮುದ್ರಿಸುವ ಏರ್‌ಪ್ರಿಂಟ್ ತಂದಿತು. ಪ್ರಿಂಟರ್‌ಗಳು ಎಲ್ಲರಿಗೂ ತಿಳಿಯುವ ಭಾಷೆ ಕಲಿತವು. ಲಿನಕ್ಸ್‌ಗೂ ದಾರಿ ಸಿಕ್ಕಿತು.

ನಮ್ಮ ಪ್ರಿಂಟರ್‌ಗೆ ಆ ಭಾಗ್ಯವಿಲ್ಲ. ಅದಕ್ಕೆ ಕಂಪನಿಯದೇ ಪ್ಲಗಿನ್, ಅಂದರೆ ಡ್ರೈವರ್ ಜೊತೆ ಸೇರಿಸುವ ತುಣುಕು ಬೇಕು. ಮೊನ್ನೆಯ ಹಿಂದಿನ ರಾತ್ರಿ ಕಂಪ್ಯೂಟರ್ ಅಪ್‌ಡೇಟ್ ಮಾಡಿದ್ದೆ, ಪ್ಲಗಿನ್ ವರ್ಷನ್ ತಾಳೆಯಾಗಲಿಲ್ಲ. ಪ್ಲಗಿನ್ ಮತ್ತೆ ಇಳಿಸಿ, ಕೇಬಲ್ ಕಿತ್ತು ಚುಚ್ಚಿದೆ. ದೀಪ ನಿಂತಿತು. ಹುಡುಗನ ಕೊನೇ ಹಾಳೆ ಹೊರಬಂದಾಗ ಹತ್ತೂ ನಲವತ್ತು. ಸ್ಪೈರಲ್ ಬೈಂಡಿಂಗ್ ಇನ್ನೂ ಬಾಕಿ ಇತ್ತು.