ಹರಳಿನೊಳಗೆ ಗೆರೆ, ಚುಕ್ಕೆ ಕಂಡರೆ ಅದು ಕಳಪೆಯೇ?

ಪ್ರಶ್ನೆ: ಪಚ್ಚೆಯ ಉಂಗುರವೊಂದನ್ನು ಕೊಳ್ಳಬೇಕೆಂದಿದ್ದೇನೆ. ಹರಳಿನ ಬಣ್ಣ ಬಹಳ ಹಿಡಿಸಿದೆ. ಆದರೆ ಬೆಳಕಿಗೆ ಹಿಡಿದು ನೋಡಿದರೆ ಒಳಗೆ ಸಣ್ಣ ಗೆರೆಗಳೂ ಮಬ್ಬು ಚುಕ್ಕೆಗಳೂ ಕಾಣುತ್ತವೆ. ಇಂಥದ್ದನ್ನು ಕೊಳ್ಳಬಹುದೇ?

ಉತ್ತರ: ಕೊಳ್ಳಬಹುದು. ಒಳಗೆ ಏನೂ ಕಾಣದ, ತಿಳಿನೀರಿನಂಥ ದೊಡ್ಡ ಪಚ್ಚೆ ಕಡಿಮೆ ಬೆಲೆಗೆ ಸಿಕ್ಕರೆ ಮಾತ್ರ ಅನುಮಾನಪಡಬೇಕು. ಒಳಗೆ ಎಷ್ಟು ನಿರ್ಮಲವಾಗಿದೆ ಎಂದು ವಜ್ರವನ್ನು ಅಳೆಯುವ ಕೋಲಿನಿಂದಲೇ ಬಣ್ಣದ ಹರಳುಗಳನ್ನೂ ಅಳೆಯುವುದರಿಂದ ಈ ಗೊಂದಲ ಹುಟ್ಟುತ್ತದೆ. ಬಣ್ಣದ ಹರಳಿನಲ್ಲಿ ಮೊದಲು ನೋಡಬೇಕಾದದ್ದು ಬಣ್ಣವನ್ನೇ: ಅದು ಎಷ್ಟು ಗಾಢವಾಗಿದೆ, ಎಷ್ಟು ನಿಚ್ಚಳವಾಗಿದೆ, ಹರಳಿನ ತುಂಬ ಸಮನಾಗಿ ಹರಡಿದೆಯೇ ಎಂಬುದನ್ನು. ಒಳಗಿನ ಗೆರೆ, ಚುಕ್ಕೆಗಳ ವಿಚಾರ ಆಮೇಲಿನದು.

ಪಚ್ಚೆ ಬೆರಿಲ್ ಎಂಬ ಖನಿಜದ ಒಂದು ಬಗೆ. ಶುದ್ಧ ಬೆರಿಲ್‌ಗೆ ಬಣ್ಣವಿಲ್ಲ. ಅತ್ಯಲ್ಪ ಪ್ರಮಾಣದ ಕ್ರೋಮಿಯಂ ಅಥವಾ ವನೇಡಿಯಂ ಸೇರಿದಾಗ ಅದು ಹಸಿರಾಗುತ್ತದೆ. ಬೆರಿಲಿಯಂ ಮತ್ತು ಕ್ರೋಮಿಯಂ ಸಾಮಾನ್ಯವಾಗಿ ಬೇರೆ ಬೇರೆ ಬಗೆಯ ಶಿಲೆಗಳಲ್ಲಿರುವ ಧಾತುಗಳಾದ್ದರಿಂದ, ಅವೆರಡೂ ಕೂಡಬೇಕಾದರೆ ಭೂಮಿಯೊಳಗೆ ಶಿಲೆಗಳು ಅಲುಗಿ, ಬಿರಿದು, ಬಿಸಿ ದ್ರವಗಳು ಹರಿದಾಡಬೇಕು. ಅಂಥ ತಲ್ಲಣದ ನಡುವೆ ಬೆಳೆದ ಹರಳಿನಲ್ಲಿ ಬಿರುಕುಗಳಿರುವುದು ಸಹಜ. ಇದೇ ಬೆರಿಲ್‌ನ ಇನ್ನೊಂದು ಬಗೆಯಾದ ತಿಳಿನೀಲಿ ಅಕ್ವಾಮರೀನ್ ಹೆಚ್ಚಾಗಿ ನಿರ್ಮಲವಾಗಿಯೇ ದೊರೆಯುತ್ತದೆ. ಆದ್ದರಿಂದ ಅದರಲ್ಲಿ ಕಣ್ಣಿಗೆ ಕಾಣುವ ಗೆರೆಯಿದ್ದರೆ ಅದನ್ನು ನಿಜಕ್ಕೂ ಕೊರತೆಯೆಂದೇ ಎಣಿಸುತ್ತಾರೆ. ಪಚ್ಚೆಯೊಳಗೆ ಬಳ್ಳಿಗಳಂತೆ ಹಬ್ಬಿದ ಈ ಗೆರೆಗಳನ್ನಾದರೋ ಫ್ರೆಂಚರು ‘ಉದ್ಯಾನ’ ಎಂದು ಕರೆದರು.

ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಲೂಪ್ ಮಸೂರದಲ್ಲಿ ಪಚ್ಚೆಯನ್ನೊಮ್ಮೆ ನೋಡಬೇಕು. ಕೊಲಂಬಿಯಾದ ಪಚ್ಚೆಗಳ ಒಳಗೆ ಮೊನಚು ಅಂಚಿನ ಪುಟ್ಟ ಪೊಳ್ಳುಗಳಿರುತ್ತವೆ. ಇನ್ನಷ್ಟು ಹಿಗ್ಗಿಸುವ ಸೂಕ್ಷ್ಮದರ್ಶಕವಿದ್ದರೆ, ಆ ಪೊಳ್ಳಿನಲ್ಲಿ ಉಪ್ಪುನೀರು, ಅದರೊಳಗೆ ಒಂದು ಗುಳ್ಳೆ, ಪಕ್ಕದಲ್ಲೇ ಚೌಕಾಕಾರದ ಉಪ್ಪಿನ ಹರಳು ಕಾಣುತ್ತವೆ. ಕೋಟ್ಯಂತರ ವರ್ಷಗಳ ಹಿಂದೆ ಪಚ್ಚೆಯನ್ನು ಬೆಳೆಸಿದ ದ್ರವದ ಹನಿಯದು. ಅದನ್ನು ದೋಷವೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಇಂಥ ಗುರುತುಗಳು ಸಾಕ್ಷಿಯಾಗಿಯೂ ಒದಗುತ್ತವೆ. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವರ್ನೈ ಜ್ವಾಲೆಯಲ್ಲಿ ಮಾಣಿಕ್ಯವನ್ನು ತಯಾರಿಸುವ ವಿಧಾನವನ್ನು ಪ್ರಕಟಿಸಿದ ಮೇಲೆ, ಗಣಿಯ ಹರಳನ್ನೂ ಕುಲುಮೆಯ ಹರಳನ್ನೂ ಬೇರ್ಪಡಿಸಲು ನೆರವಾದದ್ದು ಒಳಗಿನ ಗೆರೆಗಳೇ: ಅವನ ವಿಧಾನದ ಮಾಣಿಕ್ಯದಲ್ಲಿ ಬೆಳವಣಿಗೆಯ ಗೆರೆಗಳು ಬಾಗಿರುತ್ತವೆ, ನೈಸರ್ಗಿಕ ಮಾಣಿಕ್ಯದಲ್ಲಿ ನೇರವಾಗಿ ಕೋನಗಳಲ್ಲಿ ಕೂಡುತ್ತವೆ. ಇನ್ನು ಕೆಲವು ಹರಳುಗಳ ಚೆಲುವಿಗೆ ಒಳಗಿನ ಬೆರಕೆಯೇ ಕಾರಣ. ಕಾಶ್ಮೀರದ ನೀಲಮಣಿಗಳ ಮಖಮಲ್ಲಿನಂಥ ಮೃದು ಹೊಳಪು ಬಂದಿರುವುದು ಬೆಳಕನ್ನು ಚದುರಿಸುವ ಅತಿಸೂಕ್ಷ್ಮ ಕಣಗಳಿಂದ. ಮೂರು ದಿಕ್ಕಿಗೆ ಸಾಲಾಗಿ ಕೂತ, ರೂಟೈಲ್ ಎಂಬ ಖನಿಜದ ಸೂಜಿಗಳಿಂದಾಗಿ, ಗುಮ್ಮಟದಂತೆ ಸಾಣೆ ಹಿಡಿದ ನೀಲಮಣಿಯ ಮೇಲೆ ಆರು ಕಿರಣಗಳ ನಕ್ಷತ್ರ ಮೂಡುತ್ತದೆ.

ಆದರೆ ಎಲ್ಲ ಗೆರೆಗಳನ್ನೂ ಒಪ್ಪಿಕೊಳ್ಳಲಾಗದು. ಹರಳಿನ ಮೇಲ್ಮೈವರೆಗೆ ಬಂದು ಮುಟ್ಟಿದ ಬಿರುಕು, ಅದರಲ್ಲೂ ಮೂಲೆಯಲ್ಲಿ ಅಥವಾ ಲೋಹದ ಹಿಡಿಕೆ ಒತ್ತುವ ಜಾಗದಲ್ಲಿದ್ದರೆ, ಒಂದು ಪೆಟ್ಟಿಗೆ ಒಡೆಯಬಹುದು. ಪಚ್ಚೆಯ ಕಾಠಿಣ್ಯ, ಗೀಚಿಗೆ ಎಷ್ಟು ಗಟ್ಟಿ ಎಂದು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ 7.5ರಿಂದ 8ರಷ್ಟಿದ್ದರೂ, ಗೀಚಲು ಗಟ್ಟಿಯಾದದ್ದು ಪೆಟ್ಟಿಗೂ ಗಟ್ಟಿಯಾಗಿರಬೇಕೆಂದಿಲ್ಲ. ಹರಳನ್ನು ನಿಧಾನವಾಗಿ ಓರೆ ಮಾಡಿ, ಮೇಲ್ಮೈಯಲ್ಲಿ ಬೆಳಕು ಪ್ರತಿಫಲಿಸುವಾಗ ಹೊಳಪನ್ನು ಕತ್ತರಿಸುವ ಕೂದಲೆಳೆ ಕಂಡರೆ ಬಿರುಕು ಮೇಲಕ್ಕೆ ಬಂದಿದೆ ಎಂದರ್ಥ.

ಇಂಥ ಬಿರುಕುಗಳು ಎದ್ದು ಕಾಣದಂತೆ ಪಚ್ಚೆಗೆ ಬಣ್ಣವಿಲ್ಲದ ಎಣ್ಣೆಯನ್ನು ಹೀರಿಸುವುದು ಹಳೆಯ, ಒಪ್ಪಿತವಾದ ಪದ್ಧತಿ. ಮಾರುವವರು ಅದನ್ನು ಹೇಳಬೇಕು, ನೀವೂ ಕೇಳಬೇಕು. ಎಣ್ಣೆ ಎಷ್ಟಿದೆ ಎಂಬುದು ಪ್ರಯೋಗಾಲಯದ ವರದಿಯಲ್ಲಿ ನಮೂದಾಗುತ್ತದೆ. ಹಸಿರು ಬಣ್ಣದ ಎಣ್ಣೆ ತುಂಬಿದ್ದರೆ ಮಾತ್ರ ಬೇಡವೆನ್ನಿ, ಏಕೆಂದರೆ ಆಗ ನೀವು ಮೆಚ್ಚಿದ ಬಣ್ಣವೇ ಹರಳಿನದಲ್ಲ.

ಕೊಂಡ ಮೇಲೆ ಉಂಗುರವನ್ನು ಅಲ್ಟ್ರಾಸಾನಿಕ್ ಯಂತ್ರದಲ್ಲಿಯಾಗಲಿ ಹಬೆಯಿಂದಾಗಲಿ ತೊಳೆಸಬೇಡಿ; ಎಣ್ಣೆ ಹೊರಬಂದು ಬಿರುಕುಗಳು ಬೆಳ್ಳಗೆ ಎದ್ದು ಕಾಣುತ್ತವೆ. ಉಗುರುಬೆಚ್ಚಗಿನ ನೀರು, ಸೌಮ್ಯ ಸಾಬೂನು, ಮೆತ್ತನೆಯ ಬ್ರಷ್ ಸಾಕು. ವರ್ಷಗಳು ಕಳೆದಂತೆ ಎಣ್ಣೆ ಒಣಗಿದರೆ, ಬಲ್ಲವರಿಂದ ಮತ್ತೆ ಹಾಕಿಸಬಹುದು.